ಬಚ್ಚಲ ಬೆಂಕಿಯೂ ಬೆಳಕಿಂಡಿಯೂ



ನಾರಾಯಣಪೇಟೆ, ಮಕ್ತಲ್, ಗದ್ವಾಲ ಕಡೆಯ ಹಳೆಯ ಮಾಳಿಗೆ ಮನೆಗಳನ್ನು ನೀವು ಬಲ್ಲಿರಿ. ಬಚ್ಚಲಲ್ಲಿ ಮಣ್ಣಿನ ಒಲೆ, ಅದರ ಮೇಲೆ ತಾಮ್ರದ ಹಂಡೆ, ಉರಿಗೆ ತೊಗರಿ ಕಟ್ಟಿಗೆ ಇಲ್ಲವೆ ಕುಳ್ಳು, ತಲೆಯ ಮೇಲೊಂದು ಬೆಳಕಿಂಡಿ. ಹೊಗೆಯಿಂದ ಕಣ್ಣು ಉರಿಯುತ್ತಿದ್ದುದರಿಂದ ಆ ಕಿಂಡಿಯನ್ನು ಯಾರೂ ಮುಚ್ಚುತ್ತಿರಲಿಲ್ಲ. ಇಂದು ನಾನು ಹೇಳಬೇಕೆಂದಿರುವುದು ಆ ಕಿಂಡಿಯ ಕಥೆ.

ನೀರು ಕಾಯಿಸುವ ಬೆಂಕಿ ಬೇರೆ, ಸ್ನಾನದ ಜಾಗ ಬೇರೆ ಇರಬೇಕೆಂಬ ತಿಳಿವಳಿಕೆ ನಮ್ಮ ದಖ್ಖನಿನಲ್ಲಿ ಹಿಂದಿನಿಂದಲೂ ಇತ್ತು. ಬೀದರ್ ಕೋಟೆಯ ವಸ್ತುಸಂಗ್ರಹಾಲಯ ಇರುವುದು ಹಳೆಯ ಶಾಹಿ ಹಮಾಮಿನಲ್ಲಿ. ಗೋಲ್ಕೊಂಡದ ಕುತುಬ್‌ಶಾಹಿ ಗೋರಿಗಳ ಆವರಣದಲ್ಲೂ ಒಂದು ಹಮಾಮು ಇದೆ. ಹಮಾಮು ಕಟ್ಟುವ ಪದ್ಧತಿಯೇ ಹೀಗೆ: ಒಲೆ ಒಂದು ಕಡೆ, ಸ್ನಾನದ ಕೋಣೆ ಇನ್ನೊಂದು ಕಡೆ. ಒಳಗೆ ಬರುವುದು ಶಾಖ ಮಾತ್ರ. ಹೊಗೆ ಹೊರಗೇ ಹೋಗುತ್ತದೆ.

1868ರಲ್ಲಿ ಲಂಡನ್ನಿನ ಬೆಂಜಮಿನ್ ಮಾಘನ್ ಎಂಬಾತ ಅನಿಲದಿಂದ ನೀರು ಕಾಯಿಸುವ ಯಂತ್ರ ಮಾಡಿ ಅದಕ್ಕೆ 'ಗೀಸರ್' ಎಂದು ಹೆಸರಿಟ್ಟ. ಐಸ್‌ಲ್ಯಾಂಡಿನ ಬಿಸಿನೀರ ಬುಗ್ಗೆಯ ಹೆಸರದು. ಆದರೆ ಆತನ ಯಂತ್ರಕ್ಕೆ ಹೊಗೆಕೊಳವೆಯೇ ಇರಲಿಲ್ಲ. ಉರಿದ ಗಾಳಿಯಲ್ಲಿನ ಕಾರ್ಬನ್ ಮಾನಾಕ್ಸೈಡ್ ರಕ್ತ ಸೇರಿ ಉಸಿರು ಕಟ್ಟಿಸುತ್ತದೆಂದು ಅದಕ್ಕೆ 11 ವರ್ಷ ಮೊದಲೇ, 1857ರಲ್ಲಿ, ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ ತಿಳಿಸಿದ್ದ.

ನಮ್ಮ ದೇಶದಲ್ಲಿ ಅಡುಗೆ ಅನಿಲ 1955ರಲ್ಲಿ ಮುಂಬಯಿಯಲ್ಲಿ ಮಾರಾಟಕ್ಕೆ ಬಂತು. 1965ರಲ್ಲಿ ಕಲಕತ್ತೆಯಲ್ಲಿ ಇಂಡೇನ್ ಶುರುವಾಯಿತು. ಸಿಲಿಂಡರ್ ಮೊದಲು ಒಲೆಗೆ ಬಂತು, ಆಮೇಲೆ ಬಚ್ಚಲಿಗೂ ಬಂತು. ಹೊಗೆ ಕಾಣದಾಯಿತು. 'ಇನ್ನು ಕಿಂಡಿ ಯಾಕೆ? ಚಳಿ ಬರುತ್ತದೆ' ಎಂದು ಮುಚ್ಚಿಬಿಟ್ಟೆವು.

ಇಲ್ಲೊಂದು ಲೆಕ್ಕ ನೋಡೋಣ. 1 ಕೆ.ಜಿ. ಅನಿಲ ಪೂರ್ತಿ ಉರಿಯಲು 400 ಘನ ಅಡಿಗಿಂತ ಹೆಚ್ಚು ಗಾಳಿ ಬೇಕು. ನಿಮಿಷಕ್ಕೆ 6 ಲೀಟರ್ ನೀರು ಕಾಯಿಸುವ ಗೀಸರ್ 10 ನಿಮಿಷಕ್ಕೆ ಸುಮಾರು 150 ಗ್ರಾಂ ಅನಿಲ ಸುಡುತ್ತದೆ. ಅದಕ್ಕೆ ಬೇಕಾದದ್ದು 60 ಘನ ಅಡಿಗೂ ಮಿಕ್ಕಿದ ಗಾಳಿ. 5 ಅಡಿ ಅಗಲ, 6 ಅಡಿ ಉದ್ದ, 8 ಅಡಿ ಎತ್ತರದ ಬಚ್ಚಲಲ್ಲಿರುವುದೇ 240 ಘನ ಅಡಿ. ಬಾಗಿಲು ಕಿಟಕಿ ಭದ್ರವಾಗಿದ್ದರೆ ಕಾಲುಭಾಗ ಗಾಳಿ ಹತ್ತೇ ನಿಮಿಷದಲ್ಲಿ ಖರ್ಚು, ಜಮೆ ಏನೂ ಇಲ್ಲ. ಗಾಳಿ ಕೆಟ್ಟಂತೆ ಉರಿಯೂ ಕೆಡುತ್ತದೆ, ವಿಷ ಹೆಚ್ಚುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತ ಅದನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ತಲೆನೋವು, ತಲೆ ತಿರುಗು, ವಾಕರಿಕೆ ಬರುತ್ತವೆ. ಕಾಲಲ್ಲಿ ಬಲ ಉಳಿಯುವುದಿಲ್ಲ, ಚಿಲಕ ತೆಗೆಯಲೂ ಆಗುವುದಿಲ್ಲ. ವೈದ್ಯರು ಇದಕ್ಕೆ 'ಗ್ಯಾಸ್ ಗೀಸರ್ ಸಿಂಡ್ರೋಮ್' ಎಂದೇ ಹೆಸರಿಟ್ಟಿದ್ದಾರೆ. ಬೆಂಗಳೂರಿನಂಥ ಊರಲ್ಲೂ ಇದರಿಂದ ಜೀವಗಳು ಹೋಗಿವೆ.

ಆದ್ದರಿಂದ ಗೀಸರನ್ನೂ ಸಿಲಿಂಡರನ್ನೂ ಬಚ್ಚಲ ಹೊರಗೆ, ಗಾಳಿಯಾಡುವ ಕಡೆ ಇಡಿಸಿ. ನೀರಿನ ಕೊಳವೆ ಮಾತ್ರ ಒಳಗೆ ಬರಲಿ. ಕಟ್ಟಡದೊಳಗೇ ಇಡಬೇಕಾದರೆ ಹೊಗೆಕೊಳವೆ ಗೋಡೆ ದಾಟಿ ಬಯಲಿಗೆ ತೆರೆಯಲಿ, ಯಾವ ಕಿಟಕಿಯ ಪಕ್ಕಕ್ಕೂ ಬೇಡ. ಗಾಳಿಗೆ ಕೆಳಗೊಂದು, ಮೇಲೊಂದು ಕಿಂಡಿ ಸದಾ ತೆರೆದಿರಲಿ. ಈಗಾಗಲೇ ಬಚ್ಚಲೊಳಗೆ ಇದ್ದರೆ ಹೊರಗೆ ಹಾಕಿಸುವವರೆಗೂ ಅದನ್ನು ಹಚ್ಚಬೇಡಿ. ಉರಿ ನೀಲಿ ಬಿಟ್ಟು ಹಳದಿಯಾದರೆ, ಮಸಿ ಕಟ್ಟಿದರೆ ತಿಳಿದವರನ್ನು ಕರೆಸಿ.

ಯಾರಾದರೂ ಒಳಗೆ ಬಿದ್ದರೆ ಬಾಗಿಲು ಮುರಿದಾದರೂ ಅವರನ್ನು ಬಯಲಿಗೆ ತನ್ನಿ, ಅನಿಲ ನಿಲ್ಲಿಸಿ, 108ಕ್ಕೆ ಫೋನು ಮಾಡಿ. ಆ ಸಂಖ್ಯೆ ತೆಲಂಗಾಣಕ್ಕೂ ಕರ್ನಾಟಕಕ್ಕೂ ಒಂದೇ.

ನಾವು ಕನ್ನಡದಲ್ಲಿ ಕಿಟಕಿ ಎನ್ನುತ್ತೇವೆ, ನೆರೆಮನೆಯವರು ತೆಲುಗಿನಲ್ಲಿ ಕಿಟಿಕಿ ಎನ್ನುತ್ತಾರೆ. ಚಳಿ ಬೀಳುವ ಮೊದಲು ಎರಡೂ ಮನೆಯವರು ಒಮ್ಮೆ ಬಚ್ಚಲಿಗೆ ಹೋಗಿ ಅದು ತೆರೆದಿದೆಯೇ ನೋಡಿ.