ಯಂತ್ರಕ್ಕೂ ಪೇಟೆಂಟ್ ಉಂಟೆ?

ಆಹಾರ ತುಂಬಿಡುವ ಒಂದು ಡಬ್ಬಿ. ತುರ್ತು ಸಮಯದಲ್ಲಿ ಗಮನ ಸೆಳೆಯಲು ಮಿನುಗುವ ಒಂದು ದೀಪ. ಈ ಎರಡು ಸಾಧಾರಣ ವಸ್ತುಗಳು ಹಲವು ದೇಶಗಳ ನ್ಯಾಯಾಲಯಗಳನ್ನು ವರ್ಷಗಟ್ಟಲೆ ಚಿಂತೆಗೆ ಹಚ್ಚಿದವು. 2018ರಲ್ಲಿ ಅಮೆರಿಕದ ಸ್ಟೀಫನ್ ಥೇಲರ್ ಎಂಬ ವಿಜ್ಞಾನಿ ಇವುಗಳ ಪೇಟೆಂಟಿಗಾಗಿ ಬ್ರಿಟನ್ನಿನ ಹಾಗೂ ಯುರೋಪಿನ ಕಚೇರಿಗಳಿಗೆ ಅರ್ಜಿ ಹಾಕಿದರು. ಸಂಶೋಧಕ ಯಾರೆಂದು ಕೇಳಿದಾಗ ಅವರು ತಮ್ಮ ಹೆಸರು ಹೇಳಲಿಲ್ಲ, ‘ಡಾಬಸ್’ ಎಂದರು. ಡಾಬಸ್ ಮನುಷ್ಯನಲ್ಲ. ಥೇಲರ್ ಕಟ್ಟಿದ ಕೃತಕ ಬುದ್ಧಿಮತ್ತೆಯ ಗಣಕ ವ್ಯವಸ್ಥೆ.

ಯಂತ್ರವೊಂದು ಸಂಶೋಧಕನಾಗಬಲ್ಲುದೆ? ಪ್ರಶ್ನೆ ಇಂದಿನದು. ಆದರೆ ‘ಸಂಶೋಧಕ ಯಾರು’ ಎಂಬ ಪ್ರಶ್ನೆ ಪೇಟೆಂಟ್ ಕಾನೂನಿನಷ್ಟೇ ಹಳೆಯದು. ಅದಕ್ಕೆ ಕಾಲಕಾಲಕ್ಕೆ ಸಿಕ್ಕ ಉತ್ತರಗಳೂ ಒಂದೇ ಬಗೆಯವಲ್ಲ.

ತೆರೆದ ಪತ್ರ

ಪೇಟೆಂಟ್ ಎಂದರೆ ಮೂಲದಲ್ಲಿ ‘ತೆರೆದದ್ದು’ ಎಂದರ್ಥ. ರಾಜಮುದ್ರೆ ಹೊತ್ತ, ಮಡಚಿ ಮುಚ್ಚದ, ಯಾರು ಬೇಕಾದರೂ ಓದಬಹುದಾದ ಪತ್ರವೇ ಪೇಟೆಂಟ್. ಇಂದು ಬೇಲಿಗೆ ಪರ್ಯಾಯವಾಗಿ ಬಳಕೆಯಾಗುವ ಪದ ಹುಟ್ಟಿದ್ದು ತೆರೆದ ಬಾಗಿಲಿನಿಂದ ಎಂಬುದು ಸ್ವಾರಸ್ಯದ ಸಂಗತಿ.

1474ರಲ್ಲಿ ವೆನಿಸ್ ಗಣರಾಜ್ಯ ಈ ಬಗೆಯ ಮೊದಲ ಕಾನೂನು ಮಾಡಿತು. ಹೊಸ ಸಾಧನವನ್ನು ರೂಪಿಸಿ ಸರ್ಕಾರಕ್ಕೆ ತಿಳಿಸಿದವನಿಗೆ ಹತ್ತು ವರ್ಷಗಳ ರಕ್ಷಣೆ. ನಕಲು ಮಾಡಿದವನಿಗೆ ನೂರು ಡುಕಾಟ್ ದಂಡ. ನೀರೆತ್ತುವ ಯಂತ್ರಕ್ಕಾಗಿ ಗೆಲಿಲಿಯೋ 1594ರಲ್ಲಿ ಇದೇ ವೆನಿಸ್‌ನಿಂದ ಪೇಟೆಂಟ್ ಪಡೆದಿದ್ದ.

ಇಂಗ್ಲೆಂಡಿನಲ್ಲಿ ಮಾತ್ರ ಈ ಪತ್ರಗಳು ಆಸ್ಥಾನಿಕರ ಜೇಬು ತುಂಬುವ ಸಾಧನವಾದವು. ಒಂದನೇ ಎಲಿಜಬೆತ್ ರಾಣಿಯ ಕಾಲಕ್ಕೆ ಉಪ್ಪು, ಇಸ್ಪೀಟು ಎಲೆಗಳಿಗೂ ಏಕಸ್ವಾಮ್ಯ ಹಂಚಲಾಯಿತು. ಜನರ ಸಿಟ್ಟು ಹೆಚ್ಚಿ, 1624ರಲ್ಲಿ ಸಂಸತ್ತು ಏಕಸ್ವಾಮ್ಯಗಳನ್ನೆಲ್ಲ ರದ್ದುಪಡಿಸುವ ಕಾನೂನು ತಂದಿತು. ಉಳಿಸಿದ ಮುಖ್ಯ ವಿನಾಯಿತಿ ಒಂದೇ: ಹೊಸ ತಯಾರಿಕೆಯ ‘ನಿಜವಾದ ಮತ್ತು ಮೊದಲ ಸಂಶೋಧಕ’ನಿಗೆ 14 ವರ್ಷಗಳ ಹಕ್ಕು.

ಈ ‘ನಿಜವಾದ ಮತ್ತು ಮೊದಲ ಸಂಶೋಧಕ’ ಯಾರು? ಹೊರದೇಶದಲ್ಲಿ ಕಂಡ ಕಸುಬನ್ನು ಇಂಗ್ಲೆಂಡಿಗೆ ಮೊದಲು ತಂದವನೂ ಸಂಶೋಧಕನೇ ಎಂದು ಅಲ್ಲಿನ ನ್ಯಾಯಾಲಯಗಳು ಹೇಳಿದವು. ಅವನ ತಲೆಯಲ್ಲಿ ಹೊಳೆದದ್ದೇ, ಹಡಗಿನಲ್ಲಿ ಬಂದದ್ದೇ ಎಂಬುದು ಅವರಿಗೆ ಮುಖ್ಯವಾಗಲಿಲ್ಲ. ನಾಡಿಗೆ ಹೊಸ ವಿದ್ಯೆ ದಕ್ಕಿತೇ ಎಂಬುದಷ್ಟೇ ಲೆಕ್ಕ. ಪೇಟೆಂಟ್ ಎಂಬುದು ಪ್ರತಿಭೆಗೆ ತೊಡಿಸಿದ ಕಿರೀಟವಲ್ಲ. ಸಮಾಜ ಮಾಡಿಕೊಂಡ ಒಂದು ಕೊಡುಕೊಳ್ಳುವ ವ್ಯವಹಾರ. ನಿನ್ನ ಗುಟ್ಟನ್ನು ನಮಗೆ ತಿಳಿಸು, ಕೆಲವು ವರ್ಷ ಅದರ ಲಾಭ ನಿನ್ನದು, ಆಮೇಲೆ ಅದು ಎಲ್ಲರದು.

ಗಣಿಗಳ ಪಾಠ

ಈ ವ್ಯವಹಾರ ಯಾವಾಗಲೂ ನ್ಯಾಯವಾಗಿಯೇ ನಡೆಯಿತೆನ್ನಲಾಗದು. ಜೇಮ್ಸ್ ವ್ಯಾಟ್ 1769ರಲ್ಲಿ ಉಗಿಯಂತ್ರದ ಸುಧಾರಣೆಗೆ ಪೇಟೆಂಟ್ ಪಡೆದ. 1775ರಲ್ಲಿ ಸಂಸತ್ತು ಅದರ ಅವಧಿಯನ್ನು 1800ರವರೆಗೆ ವಿಸ್ತರಿಸಿತು. ಕಾರ್ನ್‌ವಾಲಿನ ತಾಮ್ರ, ತವರದ ಗಣಿಗಳಿಂದ ನೀರೆತ್ತಲು ಈ ಯಂತ್ರವೇ ಬೇಕಿತ್ತು. ಹಾರ್ನ್‌ಬ್ಲೋವರ್‌ನಂಥ ಎಂಜಿನಿಯರುಗಳು ಬೇರೆ ಬಗೆಯ ಯಂತ್ರ ಮಾಡಹೊರಟಾಗ ವ್ಯಾಟ್ ಮತ್ತು ಪಾಲುದಾರ ಬೋಲ್ಟನ್ ಅವರನ್ನು ನ್ಯಾಯಾಲಯಕ್ಕೆ ಎಳೆದು ಗೆದ್ದರು.

ಪೇಟೆಂಟ್ ಮುಗಿದ ಮೇಲೆ ನಡೆದದ್ದು ಇನ್ನೂ ಕುತೂಹಲಕರ. 1811ರಿಂದ ಕಾರ್ನ್‌ವಾಲಿನ ಗಣಿಗಳವರು ಒಂದು ಮಾಸಿಕ ವರದಿ ಹೊರಡಿಸತೊಡಗಿದರು. ಯಾವ ಗಣಿಯ ಯಂತ್ರ ಎಷ್ಟು ಕಲ್ಲಿದ್ದಲು ತಿಂದು ಎಷ್ಟು ನೀರೆತ್ತಿತು, ಅದರ ರಚನೆ ಹೇಗಿದೆ ಎಂಬುದೆಲ್ಲ ಅದರಲ್ಲಿ ಬಹಿರಂಗ. ಒಬ್ಬನ ಸುಧಾರಣೆಯನ್ನು ಇನ್ನೊಬ್ಬ ನೋಡಿ ಕಲಿತ, ತನ್ನದನ್ನೂ ಸೇರಿಸಿದ. ರಿಚರ್ಡ್ ಟ್ರೆವಿಥಿಕ್ 1812ರಲ್ಲಿ ಅಲ್ಲಿ ನಿಲ್ಲಿಸಿದ ಹೆಚ್ಚಿನ ಒತ್ತಡದ ಯಂತ್ರಕ್ಕೆ ಪೇಟೆಂಟನ್ನೇ ಕೇಳಲಿಲ್ಲ. ಮುಂದಿನ ಮೂರು ದಶಕಗಳಲ್ಲಿ ಆ ಯಂತ್ರಗಳ ದಕ್ಷತೆ ಹಲವು ಪಟ್ಟು ಏರಿತು. ಬೇಲಿಯಿಲ್ಲದೆಯೂ ಸಂಶೋಧನೆ ನಡೆಯುತ್ತದೆ ಎಂಬುದಕ್ಕೆ ಇತಿಹಾಸಕಾರರು ಇಂದಿಗೂ ಈ ಗಣಿಗಳನ್ನೇ ತೋರಿಸುತ್ತಾರೆ.

ಪಂಖಾ ಎಳೆಯುವ ಯಂತ್ರ

ಭಾರತಕ್ಕೆ ಪೇಟೆಂಟ್ ಬಂದದ್ದು 1856ರ ಕಾನೂನಿನೊಡನೆ. ಮೊದಲ ಅರ್ಜಿ ಕಲ್ಕತ್ತೆಯ ಜಾರ್ಜ್ ಆಲ್ಫ್ರೆಡ್ ಡಿಪೆನ್ನಿಂಗ್ ಎಂಬ ಸಿವಿಲ್ ಎಂಜಿನಿಯರನದು. ಪಂಖಾ ಎಳೆಯುವ ಯಂತ್ರಕ್ಕೆ. ಸಾಹೇಬರಿಗೆ ಗಾಳಿ ಬೀಸುತ್ತ ಹಗ್ಗ ಜಗ್ಗುತ್ತಿದ್ದ ಆಳಿನ ಕೈಕೆಲಸವನ್ನು ಯಂತ್ರಕ್ಕೆ ಒಪ್ಪಿಸುವ ಹಂಚಿಕೆ ಅದು. ಅಂದು ಯಂತ್ರ ಕೈಯ ಜಾಗಕ್ಕೆ ಬಂತು; ಇಂದು ತಲೆಯ ಜಾಗ ಕೇಳುತ್ತಿದೆ.

ಬ್ರಿಟಿಷ್ ರಾಣಿಯ ಪೂರ್ವಾನುಮತಿ ಪಡೆದಿರಲಿಲ್ಲವೆಂಬ ಕಾರಣಕ್ಕೆ ಆ ಕಾನೂನು 1857ರಲ್ಲೇ ರದ್ದಾಯಿತು. 1859ರಲ್ಲಿ ಬಂದ ಹೊಸ ಕಾನೂನು, ಆಮದು ಮಾಡಿಕೊಂಡವನನ್ನು ಸಂಶೋಧಕನ ಪಟ್ಟಿಯಿಂದ ಹೊರಗಿಟ್ಟಿತು. ಸ್ವಾತಂತ್ರ್ಯಾನಂತರ ನ್ಯಾಯಮೂರ್ತಿ ಎನ್. ರಾಜಗೋಪಾಲ ಅಯ್ಯಂಗಾರ್ ಅವರು 1959ರ ತಮ್ಮ ವರದಿಯಲ್ಲಿ ಭಾರತದ ಪೇಟೆಂಟುಗಳ ಬಹುಪಾಲು ವಿದೇಶೀಯರ ಕೈಯಲ್ಲಿರುವುದನ್ನು ಎತ್ತಿ ತೋರಿಸಿದರು. ಅದರ ಫಲವಾಗಿ ಬಂದ 1970ರ ಪೇಟೆಂಟ್ ಕಾಯ್ದೆ, ಹೊರಗಿನಿಂದ ತಂದವನು ‘ನಿಜವಾದ ಮತ್ತು ಮೊದಲ ಸಂಶೋಧಕ’ನಲ್ಲ ಎಂದು ಖಚಿತವಾಗಿ ಹೇಳಿತು. ಇಂಗ್ಲೆಂಡಿಗೆ ಹಿಂದೆ ಲಾಭ ತಂದ ವ್ಯಾಖ್ಯೆ ಬಡ ದೇಶವೊಂದಕ್ಕೆ ಹೊರೆಯಾಗುತ್ತಿತ್ತು. ಆದ್ದರಿಂದ ವ್ಯಾಖ್ಯೆಯೇ ಬದಲಾಯಿತು.

ಚಿತ್ರಕ್ಕೂ ಸುಂಕ

ಗಣಕಗಳ ಯುಗದಲ್ಲಿ ಬೇಲಿಯ ಜಗಳ ಮತ್ತೆ ಹೊತ್ತಿಕೊಂಡಿತು. 1983ರಲ್ಲಿ ರಿಚರ್ಡ್ ಸ್ಟಾಲ್ಮನ್, ಎಲ್ಲರೂ ಓದಿ, ತಿದ್ದಿ, ಹಂಚಬಹುದಾದ ಮುಕ್ತ ತಂತ್ರಾಂಶದ ಯೋಜನೆ ಘೋಷಿಸಿದರು. ತಂತ್ರಾಂಶ ಬರೆದವನು ತನ್ನ ಹಕ್ಕನ್ನು ಬಿಟ್ಟುಕೊಡಬಹುದು. ಆದರೆ ಅದೇ ಉಪಾಯಕ್ಕೆ ಇನ್ನೊಬ್ಬ ಪೇಟೆಂಟ್ ಪಡೆದಿದ್ದರೆ ಗತಿಯೇನು? 1994ರ ಕೊನೆಯಲ್ಲಿ ಇದಕ್ಕೆ ನಿದರ್ಶನ ಸಿಕ್ಕಿತು. ಗಣಕದ ಚಿತ್ರಗಳಿಗೆ ಎಲ್ಲೆಲ್ಲೂ ಬಳಕೆಯಲ್ಲಿದ್ದ ‘ಜಿಫ್’ ವಿಧಾನದ ಒಳಗಿನ ಅಡಕ ಸೂತ್ರ ತನ್ನ 1985ರ ಪೇಟೆಂಟಿಗೆ ಸೇರಿದ್ದು, ಅದನ್ನು ಬಳಸುವ ತಂತ್ರಾಂಶಗಳು ಹಣ ಕೊಡಬೇಕು ಎಂದಿತು ಯುನಿಸಿಸ್ ಕಂಪೆನಿ. ತಂತ್ರಜ್ಞರು ರೇಗಿದರು. ರೇಗಿ ಸುಮ್ಮನಾಗದೆ ಪೇಟೆಂಟಿನ ಹಂಗಿಲ್ಲದ ‘ಪಿಎನ್‌ಜಿ’ ಎಂಬ ಹೊಸ ವಿಧಾನವನ್ನೇ ಕೂಡಿ ರೂಪಿಸಿದರು. ಇಂದು ನಮ್ಮ ಮೊಬೈಲುಗಳಲ್ಲೂ ಅದು ಬಳಕೆಯಲ್ಲಿದೆ.

2004ರ ಡಿಸೆಂಬರಿನಲ್ಲಿ ಭಾರತ ಸರ್ಕಾರ ಸುಗ್ರೀವಾಜ್ಞೆಯ ಮೂಲಕ ತಂತ್ರಾಂಶಕ್ಕೆ ಪೇಟೆಂಟಿನ ಬಾಗಿಲನ್ನು ಸ್ವಲ್ಪ ತೆರೆಯಿತು. 2005ರಲ್ಲಿ ಸಂಸತ್ತು ಕಾಯ್ದೆಯನ್ನು ಒಪ್ಪಿದಾಗ ಆ ಮಾತು ಉಳಿಯಲಿಲ್ಲ. ಬರೀ ಗಣಕ ಕಾರ್ಯಕ್ರಮಕ್ಕೆ, ಗಣಿತ ಸೂತ್ರಕ್ಕೆ ಪೇಟೆಂಟ್ ಇಲ್ಲವೆಂಬ ನಿಯಮವೇ ನಿಂತಿತು. ಅದೇ ವರ್ಷದ ಜುಲೈಯಲ್ಲಿ ಯುರೋಪಿನ ಸಂಸತ್ತೂ ತಂತ್ರಾಂಶ ಪೇಟೆಂಟಿನ ಮಸೂದೆಯನ್ನು 648ಕ್ಕೆ 14 ಮತಗಳಿಂದ ತಳ್ಳಿಹಾಕಿತು.

ಹಸು ನನ್ನದು, ಕರು?

ಈಗ ಡಾಬಸ್‌ಗೆ ಮರಳೋಣ. ಹಸು ನನ್ನದಾದರೆ ಕರುವೂ ನನ್ನದೇ ತಾನೇ ಎಂಬಂತಿತ್ತು ಥೇಲರ್ ಅವರ ವಾದ; ಯಂತ್ರ ತನ್ನದು, ಆದ್ದರಿಂದ ಅದರ ಸಂಶೋಧನೆಯ ಒಡೆತನವೂ ತನ್ನದು. ಪೇಟೆಂಟ್ ಅರ್ಜಿಗಳನ್ನು ಆಳವಾಗಿ ಪರೀಕ್ಷಿಸುವ ಪದ್ಧತಿಯಿಲ್ಲದ ದಕ್ಷಿಣ ಆಫ್ರಿಕ 2021ರಲ್ಲಿ ಪೇಟೆಂಟ್ ಕೊಟ್ಟಿತು. ಆಸ್ಟ್ರೇಲಿಯದ ನ್ಯಾಯಾಧೀಶರೊಬ್ಬರು ಅದೇ ವರ್ಷ ಥೇಲರ್ ಪರ ತೀರ್ಪಿತ್ತರೂ, 2022ರಲ್ಲಿ ಪೂರ್ಣಪೀಠ ಅದನ್ನು ತಿರುಗಿಸಿತು. ಅಮೆರಿಕದ ಮೇಲ್ಮನವಿ ನ್ಯಾಯಾಲಯ 2022ರಲ್ಲಿ, ಬ್ರಿಟನ್ನಿನ ಸುಪ್ರೀಂ ಕೋರ್ಟ್ 2023ರ ಡಿಸೆಂಬರಿನಲ್ಲಿ, ಸಂಶೋಧಕ ಮನುಷ್ಯನೇ ಆಗಿರಬೇಕು ಎಂದವು. ಹಸು-ಕರುವಿನ ನ್ಯಾಯ ಕಣ್ಣಿಗೆ ಕಾಣದ ಕಲ್ಪನೆಗೆ ಅನ್ವಯಿಸದು ಎಂಬುದು ಬ್ರಿಟನ್ನಿನ ತೀರ್ಪು. 2024ರಲ್ಲಿ ಜರ್ಮನಿಯ ಉನ್ನತ ನ್ಯಾಯಾಲಯ ನಡುದಾರಿ ಹಿಡಿಯಿತು: ಯಂತ್ರದ ನೆರವನ್ನು ಅರ್ಜಿಯಲ್ಲಿ ಹೇಳಿಕೊಳ್ಳಿ, ಆದರೆ ಸಂಶೋಧಕನಾಗಿ ಮನುಷ್ಯನ ಹೆಸರನ್ನೇ ಬರೆಯಿರಿ.

ಇಲ್ಲಿಗೆ ವಿಷಯ ಮುಗಿಯಿತೆ? ಹೆಸರಿನ ಜಗಳವೇನೋ ಮುಗಿದಂತೆ ಕಾಣುತ್ತದೆ. ಯಂತ್ರಕ್ಕೆ ಹಸಿವಿಲ್ಲ, ಆಸೆಯಿಲ್ಲ. ಹದಿನಾಲ್ಕು ವರ್ಷದ ಲಾಭ ತೋರಿಸಿ ಅದರಿಂದ ಗುಟ್ಟು ಹೊರಡಿಸಬೇಕಾಗಿಯೂ ಇಲ್ಲ. ವ್ಯವಹಾರ ಕುದುರಿಸಲು ಎದುರಿಗೆ ಒಬ್ಬ ಮನುಷ್ಯ ಬೇಕೇ ಬೇಕು. ಆದರೆ ಯಂತ್ರ ಕೊಟ್ಟ ಉತ್ತರದ ಕೆಳಗೆ ಮನುಷ್ಯ ತನ್ನ ಹೆಸರು ಬರೆದುಕೊಂಡರೆ ಕಂಡುಹಿಡಿಯುವವರಾರು?

ಇನ್ನೊಂದು ಸೂಕ್ಷ್ಮವೂ ಇದೆ. ಆಯಾ ವಿಷಯ ಬಲ್ಲವನಿಗೆ ಸಹಜವಾಗಿ ಹೊಳೆಯುವಂಥದ್ದಕ್ಕೆ ಪೇಟೆಂಟ್ ಇಲ್ಲ ಎಂಬುದು ಎಲ್ಲೆಡೆಯ ನಿಯಮ. ವಿಷಯ ಬಲ್ಲವರೆಲ್ಲರ ಮೇಜಿನ ಮೇಲೂ ಇಂಥ ಯಂತ್ರ ಬಂದು ಕೂತ ಮೇಲೆ ಸಹಜವಾಗಿ ಹೊಳೆಯದೆ ಉಳಿಯುವುದು ಯಾವುದು?

ಈ ಯಂತ್ರಗಳು ಕಲಿತದ್ದಾದರೂ ಎಲ್ಲಿಂದ? ತಲೆಮಾರುಗಳಿಂದ ಜನ ಬರೆದು ಬಹಿರಂಗಪಡಿಸಿದ ಗ್ರಂಥಗಳಿಂದ, ಹಳೆಯ ಪೇಟೆಂಟ್ ವಿವರಗಳಿಂದ, ಮುಕ್ತ ತಂತ್ರಾಂಶದವರು ಹಂಚಿದ ಸಾಲುಗಳಿಂದ. ಎಲ್ಲರೂ ತುಂಬಿದ ಕಣಜದಿಂದ ಬಂದ ಬೆಳೆಗೆ ಒಬ್ಬನೇ ಬೇಲಿ ಹಾಕಿಕೊಂಡರೆ, ಮುಂದೆ ಕಣಜಕ್ಕೆ ಕಾಳು ಸುರಿಯುವವರು ಯಾರು?

ಬಹಿರಂಗವಾಗಿ ಬರೆದಿಡುವುದು ಒಂದು ಗುರಾಣಿ ಎಂಬುದನ್ನು ನಾವು ಬಲ್ಲೆವು. ಗಾಯಕ್ಕೆ ಅರಿಶಿನ ಹಚ್ಚುವುದಕ್ಕೆ ಅಮೆರಿಕದಲ್ಲಿ 1995ರಲ್ಲಿ ಕೊಟ್ಟಿದ್ದ ಪೇಟೆಂಟ್ 1997ರಲ್ಲಿ ಬಿದ್ದುಹೋದದ್ದು, ನಮ್ಮ ವಿಜ್ಞಾನಿಗಳು ಹಳೆಯ ಬರಹಗಳನ್ನು ಸಾಕ್ಷಿಯಾಗಿ ಮುಂದಿಟ್ಟದ್ದರಿಂದ. ಯಂತ್ರಗಳ ಉತ್ತರವನ್ನೂ ಹೀಗೆ ಸಾರ್ವಜನಿಕರ ಮುಂದಿಡಲು ಸಾಧ್ಯ. ಪ್ರೋಟೀನುಗಳ ರಚನೆಯನ್ನು ಊಹಿಸುವ ‘ಆಲ್ಫಾಫೋಲ್ಡ್’ ವ್ಯವಸ್ಥೆಯ ಫಲಿತಾಂಶಗಳು 2021ರಿಂದ ಎಲ್ಲ ವಿಜ್ಞಾನಿಗಳಿಗೂ ಉಚಿತವಾಗಿ ತೆರೆದಿವೆ.

ಪೇಟೆಂಟ್ ಎಂಬ ಪದಕ್ಕೆ ‘ತೆರೆದದ್ದು’ ಎಂಬ ಅರ್ಥವಿತ್ತಷ್ಟೆ. ಆಮದು ಮಾಡಿದವನ ವಿಷಯದಲ್ಲಿ ನಮ್ಮ ಕಾನೂನು ತನ್ನ ಜನರ ಹಿತ ನೋಡಿ ವ್ಯಾಖ್ಯೆ ತಿದ್ದಿಕೊಂಡಿತು. ಯಂತ್ರದ ವಿಷಯದಲ್ಲೂ ಕೇಳಬೇಕಾದ ಪ್ರಶ್ನೆ ಅದೇ: ಈ ವ್ಯವಹಾರದಲ್ಲಿ ಜನಕ್ಕೆ ಸಿಗುವುದೇನು?