ಸಂಗ್ರಹ ನಿಯಂತ್ರಕ ಮತ್ತು ಫರ್ಮ್‌ವೇರ್

ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿಯಲ್ಲಿ ದತ್ತಾಂಶದ ಓದು-ಬರಹ ನಡೆಸುವ ಚಿಪ್ಪು ನಿಯಂತ್ರಕ. ಅದಕ್ಕೆ ಕೆಲಸ ಹೇಳುವ, ಉಪಕರಣದೊಳಗೇ ನೆಲೆಸಿದ ತಂತ್ರಾಂಶ ಫರ್ಮ್‌ವೇರ್. 1967ರಲ್ಲಿ ಗಣಕ ತಜ್ಞ ಆಶರ್ ಓಪ್ಲರ್ ಈ ಪದ ಬಳಸಿದ್ದು ಪ್ರೊಸೆಸರಿನ ಒಳ ಆದೇಶಗಳಾದ ಮೈಕ್ರೊಕೋಡಿಗೆ. ಅರ್ಥ ಆಮೇಲೆ ಹಿಗ್ಗಿತು.

ಬಾದಾಮಿಯ ಮೂರನೆಯ ಗುಹೆಯಲ್ಲಿ 578ರಲ್ಲಿ ಚಾಲುಕ್ಯ ವಂಶದ ಮಂಗಳೇಶ ಕೊರೆಸಿದ ಶಾಸನವನ್ನು ಓದಬಹುದು, ತಿದ್ದಲಾಗದು. ಫರ್ಮ್‌ವೇರ್ ಇರುತ್ತಿದ್ದ ಹಳೆಯ ರೋಮ್ (ಓದಲು ಮಾತ್ರ ಬರುವ ಸ್ಮೃತಿ) ಚಿಪ್ಪೂ ಹಾಗೆಯೇ. ಇಂದಿನ ಫರ್ಮ್‌ವೇರ್ ಫ್ಲ್ಯಾಶ್ ಸ್ಮೃತಿಯಲ್ಲಿರುವುದರಿಂದ ಪರಿಷ್ಕರಿಸಬಹುದು. ಪರಿಷ್ಕರಿಸುವ ನಡುವೆ ಕರೆಂಟು ಹೋದರೆ ಡಿಸ್ಕೇ ಕೈಕೊಡುವುದುಂಟು.

ಎಸ್‌ಎಸ್‌ಡಿಯಲ್ಲಿ ಫರ್ಮ್‌ವೇರಿನ ಹೊಣೆ ದೊಡ್ಡದು. ಬರೆದು ಅಳಿಸಿದಷ್ಟೂ ಫ್ಲ್ಯಾಶ್ ಕೋಶಗಳು ಸವೆಯುತ್ತವೆ. ಆದ್ದರಿಂದ ಬರಹವನ್ನು ಎಲ್ಲ ಕೋಶಗಳಿಗೂ ಹಂಚಬೇಕು (ಸವೆತ ಸಮತೋಲನ), ಕೆಟ್ಟ ಬ್ಲಾಕುಗಳನ್ನು ಬದಿಗಿಡಬೇಕು, ಗಣಕ ಕೇಳಿದ ವಿಳಾಸ ನಿಜವಾಗಿ ಎಲ್ಲಿದೆಯೆಂಬ ಪಟ್ಟಿ ಕಾಯಬೇಕು. ಇವಲ್ಲದೆ ಹಲವು ಡಿಸ್ಕುಗಳನ್ನು ಒಂದಾಗಿ ತೋರಿಸುವ ಇನ್ನೊಂದು ಬಗೆಯ ನಿಯಂತ್ರಕವೂ ಇದೆ: ರೈಡ್ ನಿಯಂತ್ರಕ.