ಕೆಸರಿನಲ್ಲಿ ಹೂತ ಹಡಗು: ಇಂಟ್ರೆಪಿಡ್

ವಿಮಾನವಾಹಕ ಯುದ್ಧನೌಕೆ, ಎಸೆಕ್ಸ್ ವರ್ಗ
ನಿರ್ಮಾಣ: ನ್ಯೂಪೋರ್ಟ್ ನ್ಯೂಸ್, ವರ್ಜೀನಿಯಾ, 1941–43
ಉಕ್ಕು

ಎರಡನೇ ಮಹಾಯುದ್ಧದ ಅವಸರದಲ್ಲಿ ಅಮೆರಿಕ ಕಟ್ಟಿದ ಈ ನೌಕೆ 1943ರ ಆಗಸ್ಟ್‌ನಲ್ಲಿ ಸೇವೆಗೆ ಸೇರಿತು. ಆತ್ಮಾಹುತಿ ವಿಮಾನಗಳ ದಾಳಿಯನ್ನೂ ಟಾರ್ಪಿಡೊ ಏಟನ್ನೂ ತಡೆದುಕೊಂಡಿತು. 1974ರಲ್ಲಿ ನಿವೃತ್ತವಾಗಿ, 1982ರಲ್ಲಿ ನ್ಯೂಯಾರ್ಕ್‌ನ ಹಡ್ಸನ್ ದಂಡೆಯಲ್ಲಿ ವಸ್ತುಸಂಗ್ರಹಾಲಯವಾಯಿತು.

ಸೇವೆಯಲ್ಲಿದ್ದಾಗ ನಾವಿಕರಿಗೆ ತುಕ್ಕು ಕೆರೆಯುವುದು, ಬಣ್ಣ ಬಳಿಯುವುದು ನಿತ್ಯದ ಕೆಲಸವಾಗಿತ್ತು. ಕಟ್ಟಿ ನಿಲ್ಲಿಸಿದ ಹಡಗಿಗೆ ಅಷ್ಟು ಕೈಗಳು ಸಿಗುವುದಿಲ್ಲ. ನೀರಿನಡಿಯ ಒಡಲು ಕಣ್ಣಿಗೆ ಬೀಳದ ಕಾರಣ, ಅದರ ಕೆಲಸವೇ ಮೊದಲು ಹಿಂದೆ ಬೀಳುತ್ತದೆ. ಇಂಥ ನೌಕೆಗಳಿಗೆ ಇದೇ ದೊಡ್ಡ ಅಪಾಯ.

ಇಲ್ಲಿ ಇನ್ನೊಂದು ತೊಡಕೂ ಸೇರಿತು. ಎರಡು ದಶಕಕ್ಕೂ ಹೆಚ್ಚು ಕಾಲ ನದಿ ತಂದು ಸುರಿದ ಹೂಳು ತಳದಡಿ ತುಂಬಿತು. 2006ರ ನವೆಂಬರ್ 6ರಂದು ದುರಸ್ತಿಗೆ ಒಯ್ಯಲು ಟಗ್ ದೋಣಿಗಳು ಎಳೆದಾಗ ಹಡಗು ಸ್ವಲ್ಪವೇ ಸರಿದು ನಿಂತಿತು. ನಾಲ್ಕು ಭಾರಿ ಪ್ರೊಪೆಲ್ಲರ್‌ಗಳು ಕೆಸರಿನಲ್ಲಿ ಸಿಕ್ಕಿಕೊಂಡಿದ್ದವು. ಹೂಳು ತೆಗೆದ ಮೇಲೆ, ಡಿಸೆಂಬರ್ 5ರಂದು, ಕೊನೆಗೂ ಅದು ಹೊರಟಿತು. ಡ್ರೈ ಡಾಕ್‌ನಲ್ಲಿ ಒಡಲನ್ನು ಸ್ವಚ್ಛಗೊಳಿಸಿ ಬಣ್ಣ ಬಳಿದರು. 2008ರ ನವೆಂಬರ್‌ನಲ್ಲಿ ಬಾಗಿಲು ಮತ್ತೆ ತೆರೆಯಿತು.

ಗಮನಿಸಿ: ಕಟ್ಟೆಯಿಂದ ಕೆಳಗೆ ಬಗ್ಗಿ, ಒಡಲಿಗೆ ನೀರು ತಾಗುವ ಗೆರೆಯನ್ನು ನೋಡಿ. ಒಮ್ಮೆ ನೆನೆದು ಒಮ್ಮೆ ಒಣಗುವ ಈ ಪಟ್ಟಿಗೆ ಉಪ್ಪು, ನೀರು, ಗಾಳಿ ಮೂರೂ ಒಟ್ಟಿಗೆ ತಗಲುವುದರಿಂದ ಉಕ್ಕು ಇಲ್ಲಿ ಬೇಗ ತುಕ್ಕು ಹಿಡಿಯುತ್ತದೆ.